ಡೈರಿ ಮುಂದಿನ ಫ್ಲೆಕ್ಸ್

ಕೊಪ್ಪ, ಮದ್ದೂರು ತಾಲ್ಲೂಕು
6 ನವೆಂಬರ್ 2024

ಮಗಳು ಹೇಮಶ್ರೀಗೆ,

ನೀನು ಹೈದರಾಬಾದ್ ತಲುಪಿದ ಸುದ್ದಿಯನ್ನು ನಿನ್ನ ತಮ್ಮ ಅಪ್ಪು ತನ್ನ ಮೊಬೈಲಿನಲ್ಲಿ ತೋರಿಸಿದ. ನನಗೆ ಆ ಗಾಜಿನ ಮೇಲೆ ಬೆರಳಾಡಿಸುವುದು ಬಾರದು. ಫೋನನ್ನು ಕಿವಿಗಿಟ್ಟುಕೊಂಡರೂ ಪ್ರಯೋಜನವಿಲ್ಲ, ಕಿವಿಯನ್ನು ಬ್ಲಫ್ ವಿದ್ಯುತ್ ಕೇಂದ್ರದ ಟರ್ಬೈನುಗಳ ಹತ್ತಿರವೇ ಬಿಟ್ಟು ರಿಟೈರಾದವನು ನಾನು. ನೀನು ಹಾಸ್ಟೆಲಿನಲ್ಲಿದ್ದಾಗ ಹತ್ತಿಕೊಂಡ ಈ ಕಾಗದದ ಚಟವೇ ನಮ್ಮಿಬ್ಬರಿಗೆ ಸರಿ.

ರಾಜ್ಯೋತ್ಸವದ ದಿನ ನಿನಗೆ ಮಾಡಿದ ಸನ್ಮಾನದ ಗುಂಗಿನಿಂದ ಊರು ಇನ್ನೂ ಇಳಿದಿಲ್ಲ. ನಿನ್ನ ಭಾಷಣದ ಒಂದಕ್ಷರವೂ ನನಗೆ ಕೇಳಿಸಲಿಲ್ಲ, ಗೊತ್ತಲ್ಲ. ಮುಂದಿನ ಸಾಲಿನಲ್ಲಿ ಕೂತು ನಿನ್ನ ಬಾಯನ್ನೂ ಜನರ ಮುಖವನ್ನೂ ನೋಡುತ್ತಿದ್ದೆ. ಒಂದು ಮಾತಿಗೆ ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ಅಪ್ಪುವಿನ ಹತ್ತಿರ ಆ ಮಾತನ್ನು ಬರೆಸಿಕೊಂಡು ಓದಿದೆ. ನಿಮ್ಮಪ್ಪ ಇದ್ದಿದ್ದರೆ ಅವತ್ತು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಹಾಲಿನ ಸೊಸೈಟಿಯ ಚೌಡಯ್ಯ ಆ ಮಾತನ್ನೇ ಹಾಕಿಸಿ ಫ್ಲೆಕ್ಸ್ ಮಾಡಿಸಿದ್ದಾನೆ. ಡೈರಿ ಎದುರಿಗೆ, ಅಂಗನವಾಡಿ ಗೋಡೆಗೆ ಕಟ್ಟಿಸಿದ್ದಾನೆ. ನೀನು ಕೈ ಮುಗಿದು ನಿಂತಿದ್ದೀಯ. ತಲೆಯ ಮೇಲೆ ದಪ್ಪಕ್ಷರದಲ್ಲಿ ‘ಕಬ್ಬಿಣವೇ ಜೀವಕೋಶದ ಕೊಲೆಗಾರ: ನಮ್ಮೂರ ವಿಜ್ಞಾನಿ ಡಾ. ಹೇಮಶ್ರೀ’ ಎಂದಿದೆ. ಕೆಳಗೆ ಡೈರೆಕ್ಟರುಗಳ ಮುಖಗಳು ಸಾಲಾಗಿವೆ. ಅವರು ಏನು ಸಂಶೋಧನೆ ಮಾಡಿದ್ದಾರೋ ನನಗೆ ತಿಳಿಯದು. ಹಾಲು ಹಾಕಲು ಬರುವವರೆಲ್ಲ ನಿಂತು ಓದಿಯೇ ಹೋಗುತ್ತಾರೆ.

ತಂಗಿ ಕುಸುಮ ನಿನ್ನನ್ನು ನೋಡಲು ಬರಲಿಲ್ಲವೆಂದು ಬೇಸರ ಬೇಡ. ಅವತ್ತು ಅವಳು ಮಂಡ್ಯದಲ್ಲಿ, ಗುತ್ತಲಿನಲ್ಲಿರುವ ನಿನ್ನ ಚಿಕ್ಕಮ್ಮನ ಅಕ್ಕನ ಮನೆಯಲ್ಲಿದ್ದಳು. ಮೈ ಸರಿಯಿರಲಿಲ್ಲ. ನೀನು ತಂದ ಸೀರೆ ಕೊಟ್ಟಿದ್ದೇವೆ, ಬಣ್ಣ ಒಪ್ಪಿದೆ.

ನಿನ್ನ ಚಿಕ್ಕಪ್ಪ,
ಚಿಕ್ಕಣ್ಣ


ಹೈದರಾಬಾದ್
19 ನವೆಂಬರ್ 2024

ಚಿಕ್ಕಪ್ಪನಿಗೆ ನಮಸ್ಕಾರ.

ಫ್ಲೆಕ್ಸಿನ ಫೋಟೋವನ್ನು ಅಪ್ಪು ಕಳಿಸಿದ್ದ. ಇಲ್ಲಿ ಲ್ಯಾಬಿನಲ್ಲಿ ಎಲ್ಲರಿಗೂ ತೋರಿಸಿದೆ. ಕನ್ನಡ ಬಾರದವರೂ ನನ್ನಿಂದ ಓದಿಸಿ ಅರ್ಥ ಕೇಳಿ ನಕ್ಕರು. ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಿಕೊಂಡೆ. ನಿಮ್ಮ ಅಳಿಯ ರಘುನಂದನ್ ನನ್ನನ್ನು ‘ಮೇಡಂ ಫ್ಲೆಕ್ಸ್’ ಎಂದು ರೇಗಿಸುತ್ತಿದ್ದಾರೆ. ವಾಕ್ಯ ಸ್ವಲ್ಪ ಖಾರವಾಯಿತು, ಆದರೆ ಇರಲಿ ಬಿಡಿ. ಖಾರವಿಲ್ಲದಿದ್ದರೆ ಜನ ನಿಂತು ಓದುತ್ತಾರೆಯೇ?

ನಿಮಗೆ ಕೇಳಿಸಲಿಲ್ಲವಲ್ಲ, ಅವತ್ತು ಹೇಳಿದ್ದನ್ನು ಬರೆದೇ ಹೇಳುತ್ತೇನೆ. ಚಿಕ್ಕಮ್ಮ ಡಬ್ಬದಲ್ಲಿಟ್ಟ ಕಡಲೆಕಾಯಿ ಎಣ್ಣೆ ಹಳೆಯದಾದರೆ ಕಮಟು ವಾಸನೆ ಬರುತ್ತದಲ್ಲ? ಗಾಳಿ ತಾಗಿ ಎಣ್ಣೆ ಕೆಡುವುದು ಅದು. ನಮ್ಮ ಮೈಯ ಒಂದೊಂದು ಜೀವಕೋಶದ ಸುತ್ತಲೂ ಅಂಥದೇ ಕೊಬ್ಬಿನ ತೆಳ್ಳನೆ ಪೊರೆ ಇದೆ. ಅದೂ ಕಮಟು ಹಿಡಿಯಬಲ್ಲದು. ಕಬ್ಬಿಣ ಜೊತೆಗೆ ಸೇರಿದರೆ ಬೇಗ ಹಿಡಿಯುತ್ತದೆ. ಪೊರೆ ಕೆಟ್ಟರೆ ಜೀವಕೋಶ ಒಡೆದು ಸಾಯುತ್ತದೆ. ನನ್ನ ಇಷ್ಟು ವರ್ಷದ ಕೆಲಸವೆಲ್ಲ ಈ ಒಂದು ಸಾವಿನ ಸುತ್ತ.

ಕುಸುಮ ಈಗ ಹೇಗಿದ್ದಾಳೆ? ಅವಳು ನನಗೆ ಫೋನು ಮಾಡಿ ವರ್ಷದ ಮೇಲಾಯಿತು. ಎರಡು ಸಲ ನನಗೆ ಬಸಿರು ನಿಲ್ಲದೆ ಹೋದ ಮೇಲೆ ಜನ ನನ್ನೆದುರು ಮಾತಿಗೆ ತಡಕಾಡುತ್ತಾರೆ. ಮಕ್ಕಳ ಸುದ್ದಿ ಬಂದರೆ ಸಾಕು, ಅಡುಗೆಯ ವಿಷಯಕ್ಕೆ ಹಾರುತ್ತಾರೆ. ನೀವು ಹಾಗಲ್ಲ. ಮುಚ್ಚುಮರೆ ಇಲ್ಲದೆ ಬರೆಯುವವರು ನೀವೊಬ್ಬರೇ, ಅದಕ್ಕೇ ನಿಮ್ಮ ಕಾಗದವೆಂದರೆ ನನಗೆ ಆಸೆ.

ಫ್ಲೆಕ್ಸಿನ ಇನ್ನೊಂದು ಫೋಟೋ, ಸ್ವಲ್ಪ ಹತ್ತಿರದಿಂದ ತೆಗೆದದ್ದು, ಕಳಿಸಲು ಅಪ್ಪುವಿಗೆ ಹೇಳಿ.

ನಿಮ್ಮ
ಹೇಮಾ


ಕೊಪ್ಪ
2 ಡಿಸೆಂಬರ್ 2024

ಹೇಮಾ,

ನಿನ್ನ ಕಾಗದ ಓದಿದ ಮೇಲೆ ರೇವಮ್ಮ ಎಣ್ಣೆ ಡಬ್ಬವನ್ನು ಮೂಸಿ ನೋಡಿ ಚೆಲ್ಲಿದಳು. ಅಷ್ಟಕ್ಕೇ ಬಿಡದೆ ಕಬ್ಬಿಣದ ಕಾವಲಿಯನ್ನೂ ಅಟ್ಟಕ್ಕೇರಿಸಿ ನಾನ್‌ಸ್ಟಿಕ್ ತರಿಸಿಕೊಂಡಿದ್ದಾಳೆ. ಅದರಲ್ಲಿ ದೋಸೆ ಏಳುವುದೇನೋ ಸುಲಭ, ರುಚಿ ಮಾತ್ರ ಅಟ್ಟದ ಮೇಲೆ ಉಳಿದಿದೆ.

ನಿನ್ನನ್ನು ಒಂದು ವಿಷಯ ಕೇಳಬೇಕು. ನೀನು ಹೇಳಿದ ಕಬ್ಬಿಣವೂ ನಾವು ಹೊಟ್ಟೆಗೆ ತೆಗೆದುಕೊಳ್ಳುವ ಕಬ್ಬಿಣವೂ ಒಂದೇನಾ? ಊರಿನಲ್ಲಿ ತಲೆಗೊಂದು ಮಾತಾಡುತ್ತಿದ್ದಾರೆ. ಕಾಲೇಜು ಮುಗಿಸಿದವರು ಒಂದು ಹೇಳಿದರೆ ಅಂಗನವಾಡಿ ಟೀಚರು ಇನ್ನೊಂದು ಹೇಳುತ್ತಾಳೆ. ನನಗೆ ನಿನ್ನ ಮಾತೇ ಕೊನೆಯದು. ಸ್ವಲ್ಪ ಬೇಗ ಬರಿ ಕಣಮ್ಮ.

ಕುಸುಮ ಇಲ್ಲೇ ಇದ್ದಾಳೆ. ಸುಸ್ತು, ಊಟ ಸೇರುವುದಿಲ್ಲ ಅನ್ನುತ್ತಾಳೆ. ಅಳಿಯ ಲಿಂಗರಾಜು ಮಳವಳ್ಳಿಯಿಂದ ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಚಿಂತೆ ಮಾಡುವಂಥದ್ದೇನಿಲ್ಲ.

ಚಿಕ್ಕಣ್ಣ


ಹೈದರಾಬಾದ್
11 ಜನವರಿ 2025

ಪ್ರೀತಿಯ ಚಿಕ್ಕಪ್ಪ,

ಉತ್ತರ ತಡವಾಯಿತು, ಬೈಯಬೇಡಿ. ಪುಣೆಯಲ್ಲಿ ಒಂದು ಸಮ್ಮೇಳನ, ಅದರ ಬೆನ್ನಿಗೆ ಪ್ರಬಂಧದ ತಿದ್ದುಪಡಿ. ನಿಮ್ಮ ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡೇ ಓಡಾಡಿದೆ.

ಪ್ರಶ್ನೆ ಓದಿ ನಗು ಬಂತು. ಕಬ್ಬಿಣ ಎಲ್ಲಿದ್ದರೂ ಕಬ್ಬಿಣವೇ. ಕಾವಲಿಯದು ಬೇರೆ ಜಾತಿ, ಲ್ಯಾಬಿನದು ಬೇರೆ ಜಾತಿ ಎಂದೇನಿಲ್ಲ. ಹೊಟ್ಟೆಗೆ ಹೋದದ್ದೇ ರಕ್ತಕ್ಕೆ, ರಕ್ತದಿಂದ ಜೀವಕೋಶಕ್ಕೆ. ಚಿಕ್ಕಮ್ಮ ಕಾವಲಿ ಎತ್ತಿಟ್ಟದ್ದು ನೋಡಿದರೆ ಅವರೇ ನನ್ನ ಜಾಗದಲ್ಲಿ ಕೂರಬೇಕಿತ್ತು! ಊರಿನವರು ವಿಜ್ಞಾನದ ಬಗ್ಗೆ ವಾದಕ್ಕೆ ಇಳಿದಿದ್ದಾರೆ ಅಂದರೆ ನನ್ನ ಭಾಷಣ ದಂಡವಾಗಲಿಲ್ಲ. ಟೀಚರಿಗೆ ಈ ಕಾಗದ ತೋರಿಸಿ.

ಕುಸುಮಳ ಸುಸ್ತಿಗೆ ಮಂಡ್ಯದಲ್ಲಿ ಯಾರಾದರೂ ಒಳ್ಳೆಯ ಡಾಕ್ಟರಿಗೆ ತೋರಿಸಿ. ಹುಡುಗಿ ಮೊದಲಿನಿಂದಲೂ ಊಟಕ್ಕೆ ಕಳ್ಳಿ.

ನಿಮ್ಮ
ಹೇಮಾ


ಕೊಪ್ಪ
24 ಜನವರಿ 2025

ಹೇಮಾ,

ನಿನ್ನ ಉತ್ತರ ಸಿಕ್ಕಿತು. ಮನೆಯವರೆಲ್ಲರಿಗೂ ಓದಿ ಹೇಳಿದೆ. ನೀನು ಹೇಳಿದಂತೆ ಟೀಚರಿಗೂ ತೋರಿಸಿದೆ. ಅವಳು ಓದಿ, ಮಡಚಿ ಹಿಂದಿರುಗಿಸಿದಳು. ಅಂತೂ ಒಂದು ನಿರ್ಧಾರಕ್ಕೆ ಬಂದಂತಾಯಿತು.

ಕಬ್ಬು ಕಡಿಯುವವರು ಬಂದಿದ್ದಾರೆ, ಹೆಚ್ಚು ಬರೆಯಲು ಪುರುಸೊತ್ತಿಲ್ಲ. ಎಲ್ಲರೂ ಚೆನ್ನಾಗಿದ್ದೇವೆ.

ಚಿಕ್ಕಣ್ಣ


ಹೈದರಾಬಾದ್
22 ಫೆಬ್ರವರಿ 2025

ಚಿಕ್ಕಪ್ಪ,

ಇಷ್ಟು ಚಿಕ್ಕ ಕಾಗದ ನೀವು ನನ್ನ ಪರೀಕ್ಷೆಯ ಕಾಲದಲ್ಲೂ ಬರೆದದ್ದಿಲ್ಲ. ಅದೇನು ನಿರ್ಧಾರ? ಕಾವಲಿಯನ್ನು ಗುಜರಿಗೆ ಹಾಕಿಬಿಟ್ಟಿರಾ?

ನನ್ನ ಪ್ರಬಂಧ ಸ್ವೀಕಾರವಾಯಿತು. ಚೌಡಯ್ಯನವರಿಗೆ ಹೇಳಬೇಡಿ, ಇನ್ನೊಂದು ಫ್ಲೆಕ್ಸ್ ಕಟ್ಟಿಸಿಯಾರು. ಹೇಳಿದರೂ ಅಡ್ಡಿಯಿಲ್ಲ.

ಹೇಮಾ


ಹೈದರಾಬಾದ್
18 ಮಾರ್ಚ್ 2025

ಚಿಕ್ಕಪ್ಪ,

ನಿಮ್ಮಿಂದ ಕಾಗದವಿಲ್ಲ. ಅಪ್ಪು ಫೋನು ಎತ್ತುತ್ತಿಲ್ಲ. ನಿನ್ನೆ ಚಿಕ್ಕಮ್ಮ ಎತ್ತಿದರು, “ಎಲ್ಲಾ ಚೆಂದಾಗವ್ರೆ ಕಣವ್ವ, ಆಮ್ಯಾಕ್ ಮಾಡ್ತೀನಿ, ಬುಡು” ಎಂದು ಇಟ್ಟುಬಿಟ್ಟರು. ಹಿಂದೆ ಯಾರನ್ನೋ ಸ್ಟ್ರೆಚರಿನಲ್ಲಿ ತಳ್ಳಿಕೊಂಡು ಹೋಗುವ ಸದ್ದು ಕೇಳಿಸಿತು. ನಿಮಗೇನಾದರೂ ಆಗಿದೆಯೇ? ನನ್ನಿಂದ ಮುಚ್ಚಿಡಬೇಡಿ.

ಹೇಮಾ


ಮಂಡ್ಯ
27 ಮಾರ್ಚ್ 2025

ಮಗಳೇ,

ನನಗೇನೂ ಆಗಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ಕುಸುಮಳಿಗೆ ಹೆಣ್ಣು ಮಗು ಹುಟ್ಟಿದೆ. ದಿನ ತುಂಬುವ ಮೊದಲೇ ಹುಟ್ಟಿತು. ನನ್ನ ಅಂಗೈಯಷ್ಟಿದೆ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಉಳಿಯುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ. ಕುಸುಮ ಹಿತ್ತಲಿನಲ್ಲಿ ಬಟ್ಟೆ ಹರವುತ್ತಾ ಬಿದ್ದುಬಿಟ್ಟಳು. ಎತ್ತಿಕೊಂಡು ಬಂದಾಗ ತುಟಿ ಬೆಳ್ಳಗೆ ಸುಣ್ಣ ಬಳಿದ ಹಾಗಿತ್ತು. ಮೈಯಲ್ಲಿ ರಕ್ತವೇ ಇಲ್ಲ ಎಂದರು. ಲಿಂಗರಾಜು ಕೊಟ್ಟ, ಅವನ ಸ್ನೇಹಿತರು ಬಂದು ಕೊಟ್ಟರು. ಈಗ ಕಣ್ಣು ಬಿಟ್ಟು ಮಾತಾಡುತ್ತಾಳೆ.

ನಿನಗೆ ಅವಳು ಬಸುರಿ ಎಂಬುದೇ ಗೊತ್ತಿಲ್ಲ. ನಾವು ಹೇಳಲಿಲ್ಲ. ನಿನಗೆ ನೋವಾಗುತ್ತದೆಂದು ಹೇಳಲಿಲ್ಲ ಎಂದು ನನಗೆ ನಾನೇ ಅಂದುಕೊಂಡಿದ್ದೆ. ಅದು ಅರ್ಧ ನಿಜ. ಇನ್ನರ್ಧ ಬರೆಯಲು ಕೈ ಏಳುತ್ತಿಲ್ಲ, ಆದರೂ ಬರೆಯುತ್ತೇನೆ. ನಿನ್ನ ಕಣ್ಣು ಬಿದ್ದೀತೆಂದು ರೇವಮ್ಮ ಹೆದರಿದಳು. ನಾನು ಅವಳನ್ನು ಬೈಯಬೇಕಿತ್ತು, ಬೈಯಲಿಲ್ಲ. ನೀನು ಬರುವ ಹಿಂದಿನ ದಿನ ನಾನೇ ಕುಸುಮಳನ್ನು ಬಸ್ಸು ಹತ್ತಿಸಿ ಗುತ್ತಲಿಗೆ ಬಿಟ್ಟು ಬಂದೆ. ವೇದಿಕೆಯ ಮೇಲೆ ನಿನಗೆ ಶಾಲು ಹೊದಿಸಿದೆವು, ಮನೆಯಲ್ಲಿ ಬಸುರಿಯನ್ನು ನಿನ್ನಿಂದ ಬಚ್ಚಿಟ್ಟೆವು. ಮುಚ್ಚುಮರೆ ಇಲ್ಲದವರು ನೀವೊಬ್ಬರೇ ಎಂದು ನೀನು ಬರೆದಿದ್ದ ಕಾಗದವನ್ನು ನಾನು ಮತ್ತೆ ತೆಗೆದು ಓದಲಿಲ್ಲ.

ಆಶಾ ಕಾರ್ಯಕರ್ತೆ ಬಸುರಿಯರಿಗೆ ಕೆಂಪು ಮಾತ್ರೆ ಕೊಡುತ್ತಾಳೆ, ಕಬ್ಬಿಣದ್ದು. ಅದನ್ನು ನುಂಗಿದರೆ ಕುಸುಮಳಿಗೆ ವಾಕರಿಕೆ. ಫ್ಲೆಕ್ಸ್ ಕಟ್ಟಿದ ಮೇಲೆ “ನಮ್ಮಕ್ಕನೇ ಬ್ಯಾಡ ಅಂದವ್ಳೆ, ಇನ್ಯಾಕೆ ನುಂಗ್ಲಿ?” ಎಂದು ಹಟ ಹಿಡಿದಳಂತೆ. ನನಗೆ ಅನುಮಾನವಿತ್ತು. ಅದಕ್ಕೇ ನಿನ್ನನ್ನು ಕೇಳಿದ್ದು. ಆದರೆ ಬಸುರಿಯ ಮಾತ್ರೆ ಎಂದು ಬರೆದರೆ ಗುಟ್ಟು ರಟ್ಟಾಗುತ್ತಿತ್ತಲ್ಲ, ಕಾವಲಿಯ ನೆಪ ಮಾಡಿ ಸುತ್ತಿ ಬಳಸಿ ಕೇಳಿದೆ. ಉತ್ತರ ಬರುವ ತನಕ ಅವಳು ಒಂದು ದಿನ ನುಂಗಿ ಒಂದು ದಿನ ಬಿಡುತ್ತಿದ್ದಳು. ಬಂದ ಮೇಲೆ ನಾನೇ ಮಾತ್ರೆಗಳನ್ನು ತಿಪ್ಪೆಗೆ ಎಸೆದೆ.

ಇಲ್ಲಿ ಡಾಕ್ಟರಮ್ಮ ಕುಸುಮಳನ್ನು ಏನೋ ಕೇಳಿದರು. ಅವಳು ಏನೋ ಹೇಳಿದಳು. ಡಾಕ್ಟರಮ್ಮ ಗಟ್ಟಿಯಾಗಿ ಏನೋ ಅಂದರು. ಅಪ್ಪು, ಲಿಂಗರಾಜು, ಬೀಗಿತ್ತಿ ಎಲ್ಲರೂ ತಲೆ ತಗ್ಗಿಸಿದರು. ನನಗೆ ಕೇಳದಿದ್ದರೂ ತಲೆ ತಾನಾಗಿ ತಗ್ಗಿತು. ಏನಂದರು ಎಂದು ಅಪ್ಪುವನ್ನು ಕೇಳಿದರೆ ಬರೆದುಕೊಡಲಿಲ್ಲ. ಮೊದಲ ಹೆರಿಗೆಗೆಂದು ತವರಿಗೆ ಕಳಿಸಿದ ಹೆಣ್ಣನ್ನು ಹೀಗೆ ಮಾಡಿದ ಅಪ್ಪ ನಾನು. ಬೀಗಿತ್ತಿ ನನಗೆ ಕಾಫಿ ತಂದುಕೊಡುತ್ತಾಳೆ, ಅದನ್ನು ಕುಡಿಯುವುದೇ ಕಷ್ಟ.

ನೀನು ಹೇಳಿದ್ದು ತಪ್ಪಿರಲಾರದು. ನಾನೇ ಸರಿಯಾಗಿ ಕೇಳಲಿಲ್ಲ.

ಚಿಕ್ಕಣ್ಣ


ಹೈದರಾಬಾದ್
1 ಏಪ್ರಿಲ್ 2025

ಚಿಕ್ಕಪ್ಪ,

ಡಾಕ್ಟರಮ್ಮ ಏನಂದರು ಎಂದು ಅಪ್ಪು ನನಗೆ ಹೇಳಿದ. “ಯಾವಳ್ರೀ ಆ ವಿಜ್ಞಾನಿ? ಕರ್ಕೊಂಡು ಬನ್ನಿ, ಈ ಮಗು ಮುಂದೆ ನಿಂತು ಇನ್ನೊಂದ್ಸಲ ಹೇಳ್ಲಿ.” ಇಷ್ಟೇ. ನಿಮ್ಮಿಂದ ಇದನ್ನು ಮುಚ್ಚಿಡಬಾರದೆಂದು ಬರೆದೆ.

ನಾನು ಹೇಳಿದ್ದು ತಪ್ಪು. ಲ್ಯಾಬಿನಲ್ಲಿ ನಾವು ತಟ್ಟೆಯಲ್ಲಿ ಬೆಳೆಸುವ ಜೀವಕೋಶಗಳಿಗೆ ಅವುಗಳದೇ ಒಂದು ಕಾವಲು ಇದೆ. ಕೊಬ್ಬು ಕೆಡದಂತೆ ಅದು ಹಗಲಿರುಳು ನೋಡಿಕೊಳ್ಳುತ್ತದೆ. ನಾವು ಮೊದಲು ಔಷಧ ಹಾಕಿ ಆ ಕಾವಲನ್ನು ಕಿತ್ತುಹಾಕುತ್ತೇವೆ. ಆಮೇಲೆ ಅಳತೆ ಮೀರಿ ಕಬ್ಬಿಣ ಸುರಿಯುತ್ತೇವೆ. ಆಗ ಸಾಯುತ್ತವೆ. ಬಸುರಿಯ ಮೈ ನನ್ನ ತಟ್ಟೆಯಲ್ಲ. ಅವಳಿಗೂ ಹೊಟ್ಟೆಯಲ್ಲಿರುವ ಕೂಸಿಗೂ ರಕ್ತವಾಗುವುದೇ ಕಬ್ಬಿಣದಿಂದ. ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು, ನನಗೆ ಗೊತ್ತಿಲ್ಲದ್ದಲ್ಲ.

ಅವತ್ತು ವೇದಿಕೆಯಲ್ಲಿ ಈ ಮಾತನ್ನೂ ಹೇಳಬೇಕೆಂದೇ ಹೊರಟಿದ್ದೆ. ‘ಕೊಲೆಗಾರ’ ಅಂದೆ, ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ನೀವೂ ತಟ್ಟುತ್ತಿದ್ದಿರಿ. ಮುಂದಿನ ಮಾತು ಹೇಳಿದರೆ ಆ ಚಪ್ಪಾಳೆ ತಣ್ಣಗಾಗುತ್ತಿತ್ತು. ಅಲ್ಲಿಗೇ ನಿಲ್ಲಿಸಿ ಕೂತುಬಿಟ್ಟೆ. ಫ್ಲೆಕ್ಸ್ ನೋಡಿದಾಗಲೂ ಅಕ್ಷರಗಳಿಗಿಂತ ಮೊದಲು ನನ್ನ ಫೋಟೋ ಚೆನ್ನಾಗಿ ಬಂದಿದೆಯೇ ಎಂದು ನೋಡಿದೆ. ನಿಮ್ಮ ಪ್ರಶ್ನೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಊರೂರು ಸುತ್ತಿ, ಕೊನೆಗೆ ನಗೆಚಾಟಿಕೆಯ ಉತ್ತರ ಬರೆದೆ. ಬೇಗ ಬರಿ ಎಂದು ನೀವು ಯಾಕೆ ಅಂದಿರಿ ಎಂದು ಒಮ್ಮೆಯೂ ಯೋಚಿಸಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಉರಿಯುತ್ತಿದೆ.

ನನ್ನ ಕಣ್ಣಿಗೆ ಹೆದರಿ ಕುಸುಮಳನ್ನು ಬಚ್ಚಿಟ್ಟಿರಿ ಎಂದು ಓದಿದಾಗ ನಿಮ್ಮ ಮೇಲೆ ಕೆಟ್ಟ ಕೋಪ ಬಂತು. ಕಾಗದವನ್ನು ಮೇಜಿಗೆ ಬಡಿದು ಎದ್ದುಹೋದೆ. ಆಮೇಲೆ ಆ ಕೋಪಕ್ಕೂ ನಾಚಿಕೆಯಾಯಿತು. ನನ್ನ ಕಣ್ಣಿಗೆ ಹೆದರಿದವರು ನನ್ನ ಮಾತಿಗೆ ಹೆದರಬೇಕಿತ್ತು.

ಡಾಕ್ಟರು ಹೇಳಿದಂತೆ ಕುಸುಮಳಿಗೆ ಮಾತ್ರೆ ಕೊಡಿ. ಊಟವಾದ ಮೇಲೆ, ನಿಂಬೆಹಣ್ಣಿನ ಪಾನಕದ ಜೊತೆ ಕೊಡಿ. ಫ್ಲೆಕ್ಸನ್ನು ಇವತ್ತೇ ಕಿತ್ತು ಹಾಕಿಸಿ. ಮಗು ಹೇಗಿದೆ ಎಂದು ಬರೆಯಿರಿ. ಬಂದು ನೋಡಲು ನನಗೆ ಮುಖವಿಲ್ಲ.

ಹೇಮಾ


ಕೊಪ್ಪ
12 ಏಪ್ರಿಲ್ 2025

ಹೇಮಾ,

ಮಗು ಮನೆಗೆ ಬಂದಿದೆ. ಅತ್ತರೆ ಬೆಕ್ಕಿನ ಮರಿಯ ಹಾಗಿರುತ್ತದಂತೆ. ನನಗೆ ಕಾಣುವುದು ಬಾಯಿ ಮಾತ್ರ. ಆದರೆ ಅಷ್ಟಗಲ ಬಾಯಿ ಬಿಡುವುದು ಉಳಿಯುವ ಮಗುವೇ, ಅದರಲ್ಲಿ ನನಗೆ ಸಂಶಯವಿಲ್ಲ.

ಫ್ಲೆಕ್ಸ್ ಕಿತ್ತು ಹಾಕಲು ಕುಡುಗೋಲು ಹಿಡಿದು ಹೊರಟವನನ್ನು ಕುಸುಮ ಬಾಗಿಲಲ್ಲಿ ತಡೆದಳು. ನಿನಗೆ ತಿಳಿಸು ಎಂದು ಚೀಟಿಯಲ್ಲಿ ಬರೆದುಕೊಟ್ಟಳು. ಹಾಗೇ ಇಳಿಸುತ್ತೇನೆ: ‘ಅಪ್ಪ ಬಿಚ್ಚಿದರೆ ಗಾಳಿಗೆ ಬಿತ್ತು ಅಂದುಕೊಳ್ಳುತ್ತಾರೆ. ಹೇಳಿದವಳು ಅಕ್ಕ, ಬಂದು ಅವಳೇ ಬಿಚ್ಚಲಿ.’

ಅವಳಿಗೆ ನಿನ್ನ ಮೇಲೆ ಕೋಪವಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯ ಬರಲಿಲ್ಲ. ಮಾತ್ರೆ ಬಿಟ್ಟದ್ದು ಅವಳೊಬ್ಬಳೇ ಅಲ್ಲ. ನಮ್ಮ ಬೀದಿಯ ಚಿಕ್ಕಬೋರಮ್ಮನ ಸೊಸೆ ಚಂದನ ತುಂಬು ಬಸುರಿ, ಅವಳೂ ನುಂಗುತ್ತಿಲ್ಲ. ಕುಸುಮಳಿಗೆ ಆದದ್ದನ್ನು ಹೇಳಿದರೆ ಚಿಕ್ಕಬೋರಮ್ಮ ಫ್ಲೆಕ್ಸ್ ಇರುವ ಗೋಡೆಯ ಕಡೆ ಕೈ ತೋರಿಸುತ್ತಾಳೆ. ಅಂಗನವಾಡಿ ಟೀಚರಿನ ಮಾತನ್ನು ಯಾರೂ ಕೇಳುತ್ತಿಲ್ಲ. ಕೇಳದ ಹಾಗೆ ಮಾಡಿದ್ದು ನಾವಿಬ್ಬರೇ.

ಬಾ. ರೇವಮ್ಮನೂ ಬಾ ಅಂದಿದ್ದಾಳೆ. ನಿನ್ನ ಮುಖ ನೋಡಲು ಅವಳಿಗೂ ಮುಖವಿಲ್ಲ, ಅದಕ್ಕೇ ಬೇಗ ಬಾ.

ಚಿಕ್ಕಣ್ಣ


ಹೈದರಾಬಾದ್
29 ಏಪ್ರಿಲ್ 2025

ಚಿಕ್ಕಪ್ಪ,

ಮದ್ದೂರಿನಲ್ಲಿ ಬಸ್ಸು ಹೊರಡುವಾಗ ನೀವು ಕಿಟಕಿಯ ಹತ್ತಿರ ನಿಂತು ಕೈಸನ್ನೆಯಲ್ಲಿ ಕೇಳಿದಿರಿ: ಚಿಕ್ಕಬೋರಮ್ಮ ಏನು ಕೇಳಿದಳು, ನೀನೇನು ಹೇಳಿದೆ? ಬರೆಯುತ್ತೇನೆ ಅಂದೆ. ಬರೆಯುತ್ತಿದ್ದೇನೆ.

ಮೊದಲು ಮನೆಯ ಮಾತು. ನಾನು ಒಳಗೆ ಬಂದಾಗ ಚಿಕ್ಕಮ್ಮ ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದರು. ನನ್ನನ್ನು ನೋಡಿ ಅದನ್ನು ಸೆರಗಿನಿಂದ ಒರೆಸಲು ಹೋದರು. ನಾನು ಅವರ ಕೈ ಹಿಡಿದು, ಕಾಡಿಗೆ ಇಸಿದುಕೊಂಡು ಬೊಟ್ಟನ್ನು ಇನ್ನಷ್ಟು ದಪ್ಪಗೆ ತೀಡಿದೆ. “ಇರ್ಲಿ ಚಿಕ್ಕಮ್ಮ, ನನ್ ಕಣ್ಣೇನ್ ಸಾಚಾನಾ?” ಅಂದೆ. ಅವರು ಅತ್ತರು. ಮಗುವನ್ನು ನನ್ನ ಮಡಿಲಿಗೆ ಹಾಕಿದರು. ತೂಕವೇ ಇರಲಿಲ್ಲ, ಮಡಿಲೆಲ್ಲ ಬೆಚ್ಚಗಾಯಿತು. ಕುಸುಮ ಮಂಚದ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. “ಬಾ ಅಕ್ಕ, ಮೊದ್ಲು ಅದನ್ನ ಮುಗ್ಸು” ಅಂದಳು. ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ಡೈರಿಯ ಮುಂದೆ ನೀವೂ ಇದ್ದಿರಿ. ಹಾಲು ಹಾಕಲು ಬಂದ ಹೆಂಗಸರು ಕ್ಯಾನು ಹಿಡಿದು ನಿಂತಿದ್ದರು. ಚೌಡಯ್ಯ ಏಣಿ ತಂದುಕೊಟ್ಟು ದೂರ ಸರಿದರು. ನಾನು ಹತ್ತಿ ಹಗ್ಗ ಬಿಚ್ಚಿದೆ. ನನ್ನ ಮುಖ ಮಡಚಿಕೊಂಡು ಕೆಳಗೆ ಬಿತ್ತು. ಇಳಿದು ಮಾತಾಡಿದೆ. ಕಬ್ಬಿಣದ ಮಾತ್ರೆ ನುಂಗಬೇಕು ಅಂದೆ. ತಟ್ಟೆಯ ಜೀವಕೋಶ, ಅದರ ಕಾವಲು, ನಾವು ಅದನ್ನು ಕೀಳುವುದು ಎಲ್ಲ ಹೇಳಿದೆ. ಆಗ ಚಿಕ್ಕಬೋರಮ್ಮ ಮುಂದೆ ಬಂದು ಕೇಳಿದ್ದು ಇದು:

“ಅದೆಲ್ಲ ನಂಗರ್ತ ಆಗಕಿಲ್ಲ ಕಣವ್ವ. ಅವತ್ತು ನೀ ಏಳಿದ್ದು ಸುಳ್ಳೋ, ಇವತ್ತು ಏಳ್ತಿರೋದು ಸುಳ್ಳೋ? ಅದೊಂದ್ ಏಳು ಸಾಕು.”

ಅವತ್ತಿನದು ಪೂರ್ತಿ ಸುಳ್ಳಲ್ಲ, ನಿಮಗೆ ಗೊತ್ತು. ಅರ್ಧ ಹೇಳಿದ್ದೆ. ಅದನ್ನು ವಿವರಿಸಲು ಬಾಯಿ ತೆರೆದೆ ಕೂಡ. ನನ್ನ ವರ್ಷಗಳ ಕೆಲಸ, ಆ ಪ್ರಬಂಧ, ಎಲ್ಲ ನಾಲಿಗೆಯ ತುದಿಗೆ ಬಂದವು. ಅವಳ ಪಕ್ಕದಲ್ಲಿ ಚಂದನ ಹೊಟ್ಟೆ ಹೊತ್ತು ನಿಂತಿದ್ದಳು, ತುಟಿಯಲ್ಲಿ ಬಣ್ಣವಿರಲಿಲ್ಲ. ‘ಆದರೆ’ ಎಂದು ನಾನು ಶುರುಮಾಡಿದರೆ ಅವಳು ಆ ‘ಆದರೆ’ಯನ್ನೇ ಮನೆಗೆ ಕೊಂಡೊಯ್ಯುತ್ತಿದ್ದಳು. ಒಂದೇ ವಾಕ್ಯ ಹೇಳಿ ಮುಗಿಸಿದೆ.

ಟೀಚರು ಮಾತ್ರೆ, ನೀರು ತಂದರು. ಚಂದನ ನನ್ನ ಕಡೆ ನೋಡಲೇ ಇಲ್ಲ, ಕುಸುಮಳ ಮುಖ ನೋಡಿದಳು. ಕುಸುಮ ತಲೆಯಾಡಿಸಿದ ಮೇಲೆ ನುಂಗಿದಳು. ಚಿಕ್ಕಬೋರಮ್ಮ ಫ್ಲೆಕ್ಸನ್ನು ಸುತ್ತಿ ಕಂಕುಳಿಗಿಟ್ಟುಕೊಂಡು, ಹುಲ್ಲಿನ ಮೆದೆಗೆ ಹೊದಿಸುತ್ತೇನೆ ಎಂದು ಹೊರಟುಹೋದಳು.

ನಾನು ಆ ವಾಕ್ಯ ಹೇಳಿ ಮುಗಿಸಿದಾಗ ನೀವು ಅವತ್ತಿನ ಹಾಗೇ ನನ್ನ ಬಾಯಿ ನೋಡುತ್ತಿದ್ದಿರಿ. ಭಾಷಣ ಮುಗಿಯಿತೆಂದು ಚಪ್ಪಾಳೆಗೆ ಎರಡೂ ಕೈ ಎತ್ತಿದಿರಿ. ಸುತ್ತ ಯಾರೂ ತಟ್ಟದ್ದನ್ನು ಕಂಡು ಮೆಲ್ಲಗೆ ಇಳಿಸಿಕೊಂಡಿರಿ. ನಾನು ಹೇಳಿದ್ದು ಇಷ್ಟೇ ಚಿಕ್ಕಪ್ಪ: “ಅವತ್ತು ಹೇಳಿದ್ದೇ ಸುಳ್ಳು.”

ನಿಮ್ಮ
ಹೇಮಾ